ಹನ್ನೊಂದು ಡ್ರಾಯರಿನ ತಾಳೆ

ಬ್ಯಾಲಿನ್‌ಕೊಲಿಗ್: ಮೊದಲ ವಾರ

ಐರ್ಲೆಂಡಿನ ಮೊದಲ ಬೆಳಿಗ್ಗೆಯೇ ನಾನೊಂದು ಸುಳ್ಳು ಹೇಳಿದೆ. ತಂಗಿಯ ಮಗಳು ಶುಭಾ ಓಟ್ಸಿನ ಗಂಜಿ ಮಾಡಿ ಮುಂದಿಟ್ಟು ಹೇಗಿದೆ ಎಂದು ಕೇಳಿದಳು. ಚೆನ್ನಾಗಿದೆ ಎಂದೆ. ಅಂದಿನಿಂದ ಐದು ವಾರ, ಒಂದು ದಿನವೂ ತಪ್ಪದೆ, ಬೆಳಿಗ್ಗೆ ಎಂಟಕ್ಕೆ ಆ ಗಂಜಿ ನನ್ನ ಮುಂದೆ ಬಂದು ಕೂತಿತು.

ಶುಭಾ ಮೈಸೂರಿನಲ್ಲಿ ಓದಿದ ಡಾಕ್ಟರು. ಕಾರ್ಕ್ ನಗರದ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಕೆಲಸ. ಮನೆ ಮಾಡಿಕೊಂಡಿರುವುದು ನಗರದ ಪಶ್ಚಿಮಕ್ಕಿರುವ ಬ್ಯಾಲಿನ್‌ಕೊಲಿಗ್‌ನಲ್ಲಿ. ಅವಳ ಬಡಾವಣೆಯ ಮನೆಗಳೆಲ್ಲ ಒಂದೇ ಅಚ್ಚಿನವು. ಮೂರನೆಯ ದಿನ ವಾಕಿಂಗ್ ಮುಗಿಸಿ ಬಂದು ಬೆಲ್ ಒತ್ತಿದೆ. ಗುರುತಿಲ್ಲದ ಹೆಂಗಸೊಬ್ಬರು ಬಾಗಿಲು ತೆರೆದು, ನಕ್ಕು, ಒಳಗೆ ಕರೆದು ಟೀ ಬಿಸ್ಕತ್ತು ಕೊಟ್ಟರು. ಶುಭಾಳ ಗೆಳತಿ ಇರಬೇಕೆಂದು ನಾನೂ ಕೂತು ಕುಡಿದೆ. ಮಳೆಯ ಬಗ್ಗೆ ಅರ್ಧ ಗಂಟೆ ಮಾತಾಡಿದೆವು. ಗೋಡೆಯ ಫೋಟೋಗಳಲ್ಲಿ ನಮ್ಮವರು ಒಬ್ಬರೂ ಇಲ್ಲವೆಂದು ಹೊಳೆದದ್ದು ಆಮೇಲೆ. ನಾನು ಮನೆ ತಪ್ಪಿ ಬಂದಿದ್ದೇನೆಂದು ಆ ಹೆಂಗಸಿಗೆ ಮೊದಲ ಕ್ಷಣದಲ್ಲೇ ಗೊತ್ತಾಗಿತ್ತಂತೆ. ಹೇಳಿದರೆ ನನಗೆ ಮುಜುಗರವಾದೀತೆಂದು ಸುಮ್ಮನಿದ್ದರಂತೆ.

ಸಂಜೆ ಇದನ್ನು ಶುಭಾಳಿಗೆ ಹೇಳಿದೆ. ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ.

"ಇಲ್ಲಿ ಜನ ಹಂಗೇ ದೊಡ್ಡಮ್ಮ, ಮುಖಕ್ಕೆ ಇಲ್ಲ ಅನ್ನಲ್ಲ. ಪೇಷಂಟ್‌ಗಳೂ ಅಷ್ಟೇ. ಹೇಗಿದೀರಾ ಅಂದ್ರೆ ‘ಗ್ರ್ಯಾಂಡ್’ ಅಂತಾರೆ. ಎಕ್ಸ್‌ರೇ ತೆಗೆದು ನೋಡಿದ್ರೆ ಮೂಳೆ ಎರಡು ತುಂಡಾಗಿರುತ್ತೆ."

ನಾನು ಬಂದ ದಾರಿ ಬೇರೆ. ಅರಸೀಕೆರೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಮೂವತ್ತನಾಲ್ಕು ವರ್ಷ ಹಳೆಯ ಕಾಗದಗಳ ನಕಲು ತೆಗೆದವಳು. ನಕಲು ಕೊಡುವ ಮುಂಚೆ ತಾಳೆ ನೋಡುವುದು ನಮ್ಮ ಪದ್ಧತಿ. ಒಬ್ಬರು ಮೂಲವನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ನಕಲಿನ ಅಕ್ಷರದ ಮೇಲೆ ಬೆರಳಿಟ್ಟುಕೊಂಡು ಹೋಗಬೇಕು. ಕೊನೆಗೆ ನಕಲು ಮಾಡಿದವರು, ಓದಿದವರು, ತಾಳೆ ನೋಡಿದವರು ಎಂದು ಮೂರು ಸಹಿ. ನಮ್ಮ ಶಿರಸ್ತೇದಾರರಿಗೆ ಒಂದು ಗುಮಾನಿಯಿತ್ತು. ಎಲ್ಲ ಸರಿ ಇದೆ ಎಂದು ಕಾಗದ ತಂದವರನ್ನು ವಾಪಸ್ ಕೂರಿಸಿ ಮತ್ತೆ ಓದಿಸುತ್ತಿದ್ದರು. ಒಂದು ತಪ್ಪನ್ನಾದರೂ ತಿದ್ದಿ ತಂದವರನ್ನು ಮಾತ್ರ ನಂಬುತ್ತಿದ್ದರು. ತಿದ್ದಿದ್ದಾರೆಂದರೆ ಕಣ್ಣಿಟ್ಟು ನೋಡಿದ್ದಾರೆ ಎಂದು ಅವರ ಲೆಕ್ಕ. ಅವರ ಕೈಕೆಳಗೆ ಹನ್ನೆರಡು ವರ್ಷ ಇದ್ದು ನನಗೂ ಅದೇ ಚಾಳಿ ಅಂಟಿತು.

ಗುರುವಾರ: ಲೈಬ್ರರಿ

ಮನೆಯಲ್ಲಿ ಕೂತು ಕಿಟಕಿ ಎಣಿಸುವುದನ್ನು ನೋಡಲಾರದೆ ಶುಭಾ ನನ್ನನ್ನು ಲೈಬ್ರರಿಯ ಗುರುವಾರದ ಇತಿಹಾಸ ಕೂಟಕ್ಕೆ ಬಿಟ್ಟು ಬಂದಳು. ಆರೇಳು ಜನ ವಯಸ್ಸಾದವರು, ಒಂದು ಹೀಟರು, ಒಂದು ಡಬ್ಬಿ ಬಿಸ್ಕತ್ತು. ಕಾರ್ಕಿನವರು ಇಂಗ್ಲಿಷನ್ನು ಮಾತಾಡುವುದಿಲ್ಲ, ರಾಗವಾಗಿ ಎಳೆಯುತ್ತಾರೆ. ಒಂದು ಗಂಟೆ ತಲೆ ಆಡಿಸಿದೆ. ಆಮೇಲೆ ಮೂಲೆಯಿಂದ ಉದ್ದನೆಯ ತೆಳ್ಳನೆಯ ಮುದುಕರೊಬ್ಬರು ಎದ್ದು ಮಾತಾಡಿದರು. ಪ್ರತಿಯೊಂದು ಪದವೂ ತಿಳಿಯಿತು. ಐರ್ಲೆಂಡಿಗೆ ಬಂದು ಒಂಬತ್ತು ದಿನಕ್ಕೆ ನನಗೆ ಪೂರ್ತಿ ಅರ್ಥವಾದ ಮೊದಲ ಮನುಷ್ಯ. ವಿಚಾರಿಸಿದರೆ ಜರ್ಮನ್.

ಹೆಸರು ಹಾರ್ಟ್‌ಮುಟ್. ಎಂಬತ್ತೊಂದು ವರ್ಷ. ಜರ್ಮನ್ ಭಾಷೆಯಲ್ಲಿ ಐದು ಐತಿಹಾಸಿಕ ಕಾದಂಬರಿ ಬರೆದವರು, ಉಳಿದ ಹೊತ್ತಿನಲ್ಲಿ ತಾವಿರುವ ಹಳ್ಳಿಯ ಇತಿಹಾಸ ಕೂಡಿಹಾಕುವವರು. ಅವರ ಇಂಗ್ಲಿಷ್ ಪಠ್ಯಪುಸ್ತಕದ್ದು. ಹಾಗಾಗಿ ಅವರ ಮಾತನ್ನು ನಾನೂ ಪುಸ್ತಕದ ಕನ್ನಡದಲ್ಲೇ ಕೊಡುತ್ತೇನೆ. ನಾನು ಏನು ಕೆಲಸ ಮಾಡುತ್ತಿದ್ದೆ ಎಂದು ಕೇಳಿದರು. ತಾಳೆ ನೋಡುವ ಪದ್ಧತಿಯನ್ನು ವಿವರಿಸಿದೆ. ಅವರು ಜೇಬಿನಿಂದ ಅಂಗೈಯಗಲದ ಒಂದು ಕಾರ್ಡು ತೆಗೆದು, ನನ್ನ ಹೆಸರನ್ನು ಬಿಡಿಸಿ ಹೇಳಲು ಕೇಳಿ, ವಿ-ಶಾ-ಲಾ-ಕ್ಷಿ ಎಂದು ಬರೆದು, ಕೆಳಗೆ ಪದ್ಧತಿಯನ್ನೂ ಬರೆದುಕೊಂಡರು. ಬುಧವಾರ ಹಳ್ಳಿಗೆ ಬನ್ನಿ, ಕಾರ್ಡುಗಳನ್ನು ತೋರಿಸುತ್ತೇನೆ ಎಂದರು. ನನ್ನ ಜೀವಮಾನದಲ್ಲಿ ರೆಕಾರ್ಡು ತೋರಿಸುತ್ತೇನೆ ಬನ್ನಿ ಎಂದು ತಾವಾಗಿ ಕರೆದ ಮೊದಲ ವ್ಯಕ್ತಿ ಅವರೇ.

ಬುಧವಾರ: ಹಳ್ಳಿ

ಆ ಹಳ್ಳಿ ಬ್ಯಾಲಿನ್‌ಕೊಲಿಗ್‌ನಿಂದ ಬಸ್ಸಿನಲ್ಲಿ ಅರ್ಧ ಗಂಟೆ. ಹೆಸರು ಬರೆಯಬೇಡಿ ಎಂದು ಹಾರ್ಟ್‌ಮುಟ್ ಕೇಳಿಕೊಂಡಿದ್ದಾರೆ, ಬರೆಯುವುದಿಲ್ಲ. ಒಂದು ಚರ್ಚು, ಒಂದು ಪಬ್ಬು, ಒಂದು ಪೆಟ್ರೋಲ್ ಬಂಕು, ಹೊಳೆಗೊಂದು ಕಲ್ಲಿನ ಸೇತುವೆ. ಬಸ್ಸಿಳಿಯುವಾಗ ಇಲ್ಲಿ ಪ್ರತಿಯೊಬ್ಬರೂ ಡ್ರೈವರಿಗೆ ಥ್ಯಾಂಕ್ಸ್ ಹೇಳುತ್ತಾರೆ. ನಾನೂ ಹೇಳಿದೆ. ಇದನ್ನೇ ನಮ್ಮ ಕಡೆಯ ಬಸ್ಸಿನಲ್ಲಿ ಹೇಳಿದ್ದರೆ ಟಿಕೆಟ್ ತೋರಿಸಿ ಎನ್ನುತ್ತಿದ್ದರು.

ಬುಧವಾರ ಹಾರ್ಟ್‌ಮುಟ್ ಮನೆಮನೆಗೆ ಹೋಗುವ ದಿನ. ನೋಟ್‌ಬುಕ್ ಹಿಡಿದು ಒಂದೊಂದು ವಾರ ಒಂದೊಂದು ಮನೆಗೆ ನಡೆದುಕೊಂಡು ಹೋಗಿ ಹಳೆಯದನ್ನು ಕೇಳಿ ಬರೆದುಕೊಳ್ಳುತ್ತಾರೆ. ನನ್ನನ್ನೂ ಕರೆದೊಯ್ದರು. ದನ ಸಾಕಿದ ಮುದುಕರೊಬ್ಬರು, ತಮ್ಮ ತಾತನ ಕಾಲದಲ್ಲಿ ಬಿಷಪ್ ಒಬ್ಬರು ಕುದುರೆ ಸಮೇತ ಹೊಳೆಗೆ ಬಿದ್ದ ಕಥೆ ಹೇಳಿದರು. ಹೇಳುವಾಗ ಅವರ ಕಣ್ಣು ಹಾರ್ಟ್‌ಮುಟ್ ಅವರ ಪೆನ್ಸಿಲ್ ಮೇಲೇ ಇತ್ತು. ಪೆನ್ಸಿಲ್ ಹಿಂದೆ ಬಿದ್ದರೆ ಬಿಷಪ್ಪರೂ ಸ್ವಲ್ಪ ತಡೆದು ಬೀಳುತ್ತಿದ್ದರು.

ಆಮೇಲೆ ಹಾರ್ಟ್‌ಮುಟ್ ಮನೆಗೆ ಹೋದೆವು. ಎರಡು ಕೋಣೆ, ಒಂದು ಒಲೆ, ಗೋಡೆಯುದ್ದಕ್ಕೂ ಮರದ ಬೀರು. ಬೀರುವಿನಲ್ಲಿ ಹನ್ನೊಂದು ಡ್ರಾಯರು, ಡ್ರಾಯರಿನ ತುಂಬ ಕಾರ್ಡು. ಪ್ರತಿ ಕಾರ್ಡಿನ ಮೇಲೆ ಯಾರು ಹೇಳಿದರು, ಎಲ್ಲಿ, ಯಾವ ದಿನ ಎಂದು ಇಂಗ್ಲಿಷಿನಲ್ಲಿ ಇದೆ. ಅಷ್ಟು ಚೊಕ್ಕಟವಾದ ರೆಕಾರ್ಡ್ ರೂಮನ್ನು ನಾನು ಕನಸಿನಲ್ಲೂ ಕಂಡಿರಲಿಲ್ಲ. ಹೊಟ್ಟೆಕಿಚ್ಚಾಯಿತು ಎಂದು ಒಪ್ಪಿಕೊಳ್ಳಬೇಕು.

ಟೀ ಕುಡಿಯುತ್ತ ಅವರು ತಮ್ಮ ಕಥೆ ಹೇಳಿದರು. ಜರ್ಮನಿಯ ಒಂದು ಸಣ್ಣ ಪಟ್ಟಣದಲ್ಲಿ ಶಾಲೆಯ ಇತಿಹಾಸದ ಮೇಷ್ಟರಾಗಿದ್ದವರು. ನಲವತ್ತು ವರ್ಷಕ್ಕೂ ಹಿಂದೆ ಹೆಂಡತಿ ರೆನಾಟೆಯ ಜೊತೆ ಎರಡು ವಾರ ಸೈಕಲ್ ಪ್ರವಾಸಕ್ಕೆ ಬಂದಿದ್ದಾಗ ಈ ಸೇತುವೆಯ ಮೇಲೆ ಚೈನು ತುಂಡಾಯಿತು. ಊರಂಚಿನ ಮನೆಯ ಡೆನಿಸ್ ಎಂಬುವರು ರಿಪೇರಿ ಮಾಡಿಕೊಟ್ಟರು. ಒಂದು ಗಂಟೆಯ ಕೆಲಸಕ್ಕೆ ಮೂರು ದಿನ ತೆಗೆದುಕೊಂಡರು, ಏಕೆಂದರೆ ಡೆನಿಸ್‌ಗೆ ಮಾತು ಬೇಕಿತ್ತು. ಅಷ್ಟರಲ್ಲಿ ಹಾರ್ಟ್‌ಮುಟ್ ಅವರ ಒಂದು ನೋಟ್‌ಬುಕ್ ತುಂಬಿತ್ತು. ಊರಿಗೆ ಹೋಗಿ ರಾಜೀನಾಮೆ ಕೊಟ್ಟು, ಗಂಡಹೆಂಡತಿ ವಾಪಸ್ ಬಂದು ನೆಲೆಸಿದರು. ಮಕ್ಕಳಿಲ್ಲ. ರೆನಾಟೆ ತೀರಿಕೊಂಡು ಒಂಬತ್ತು ವರ್ಷವಾಯಿತು, ಇದೇ ಹಳ್ಳಿಯ ಚರ್ಚಿನ ಪಕ್ಕ ಮಣ್ಣು ಮಾಡಿದ್ದಾರೆ.

ಇಷ್ಟಾದರೂ ಊರಿನವರು ಅವರನ್ನು ‘ಬ್ಲೋ-ಇನ್’ ಎನ್ನುತ್ತಾರೆ, ಗಾಳಿಗೆ ತೂರಿ ಬಂದು ಬಿದ್ದವನು ಎಂದು. ನನಗೇನೂ ವಿಚಿತ್ರವೆನಿಸಲಿಲ್ಲ. ನಮ್ಮ ಬೀದಿಯಲ್ಲೇ ಹುಟ್ಟಿ, ಬೆಳೆದು, ಎಪ್ಪತ್ತಕ್ಕೆ ತೀರಿಕೊಂಡ ಒಬ್ಬರನ್ನು ಅವರ ತಾತ ಬಂದ ಊರಿನ ಮೇಲೆ ‘ಕಡೂರಿನವರು’ ಎಂದೇ ಹೊತ್ತುಕೊಂಡು ಹೋದರು.

ಯಾಕೆ ಇಲ್ಲೇ ಉಳಿದಿರಿ ಎಂದು ಕೇಳಿದೆ. ಅವರು ಟೀ ಕಪ್ಪನ್ನು ಕೆಳಗಿಟ್ಟರು.

"ಯುದ್ಧದ ನಂತರ ನಮ್ಮ ಮನೆಯಲ್ಲಿ ಯಾರೂ ಏನನ್ನೂ ಹೇಳುತ್ತಿರಲಿಲ್ಲ. ತಂದೆಯನ್ನು ಏನಾದರೂ ಕೇಳಿದರೆ ಎದ್ದು ತೋಟದ ಕೆಲಸಕ್ಕೆ ಹೋಗುತ್ತಿದ್ದರು. ನಾನು ಕೇಳಿದಷ್ಟೂ ತೋಟ ಚೆನ್ನಾಗಿ ಬೆಳೆಯಿತು. ಇಲ್ಲಿ ಕೇಳಿದ್ದಕ್ಕೆಲ್ಲ ಉತ್ತರ ಸಿಕ್ಕಿತು. ಗೊತ್ತಿಲ್ಲ ಎಂದು ಒಬ್ಬರೂ ಹೇಳಲಿಲ್ಲ."

ಆ ಕೊನೆಯ ಮಾತು ನನಗೆ ಎಲ್ಲೋ ಸ್ವಲ್ಪ ಚುಚ್ಚಿತು. ಆದರೆ ಟೀ ಆರುತ್ತಿತ್ತು, ಕುಡಿದೆ.

ಮತ್ತೊಂದು ಬುಧವಾರ: ನೋರಾ

ಮೂರನೆಯ ಸಲ ಹೋದಾಗ ಹಾರ್ಟ್‌ಮುಟ್ ಸಪ್ಪಗಿದ್ದರು. ಬರುವ ಭಾನುವಾರ ಸೇತುವೆಯ ಬಳಿ ಊರಿನವರು ಒಂದು ನೆನಪಿನ ಕಲ್ಲು ನಿಲ್ಲಿಸುತ್ತಾರೆ, ನಾನೇ ಪರದೆ ಸರಿಸಿ ಮಾತಾಡಬೇಕು, ಅದಕ್ಕೆ ಮುಂಚೆ ಈ ಕಸುಬು ಬಲ್ಲ ಹೊರಗಿನವರೊಬ್ಬರನ್ನು ಕೇಳಬೇಕು ಎಂದರು.

ಸಂಗತಿ ಇಷ್ಟು. ಚರ್ಚಿನ ಹಳೆಯ ರಿಜಿಸ್ಟರಿನಲ್ಲಿ, ಸೇತುವೆ ಇನ್ನೂ ಇಲ್ಲದ ಕಾಲದಲ್ಲಿ, ಹೊಳೆ ದಾಟುವಲ್ಲಿ ಮುಳುಗಿದ ಹೆಂಗಸೊಬ್ಬಳ ಬಗ್ಗೆ ಒಂದು ಸಾಲಿದೆ. ಹಾರ್ಟ್‌ಮುಟ್ ತಮ್ಮ ಎರಡನೆಯ ಕಾದಂಬರಿಯಲ್ಲಿ ಅವಳಿಗೆ ನೋರಾ ಎಂದು ಹೆಸರಿಟ್ಟು, ಕೈಗೊಂದು ಲಾಂದ್ರ ಕೊಟ್ಟು, ಹೊಳೆ ದಾಟುವವರಿಗೆ ದಾರಿ ತೋರುತ್ತಿದ್ದಳೆಂದು ಬರೆದರು. ಆ ಒಂದು ಪುಸ್ತಕ ಮಾತ್ರ ಇಂಗ್ಲಿಷಿಗೆ ಬಂತು. ಈಗಲೂ ಪೆಟ್ರೋಲ್ ಬಂಕಿನಲ್ಲಿ ಚಿಪ್ಸಿಗೂ ಎಂಜಿನ್ ಆಯಿಲಿಗೂ ನಡುವೆ ಮಾರಾಟಕ್ಕಿದೆ. ಪುಸ್ತಕ ಬಂದ ಮೇಲೆ, ಬುಧವಾರದ ಮನೆಗಳಲ್ಲಿ ನೋರಾ ಕಾಣಿಸಿಕೊಳ್ಳತೊಡಗಿದಳು. ಒಬ್ಬರ ಕೊಟ್ಟಿಗೆಯಲ್ಲಿ ಅವಳ ಲಾಂದ್ರ ತೂಗುತ್ತಿತ್ತು. ಡೆನಿಸ್ ಅವರ ಹೆಂಡತಿ ಬ್ರೀಡಾಗೆ ಅವಳು ಅಜ್ಜಿಯ ಅಜ್ಜಿಯ ತಂಗಿಯಾದಳು. ತಾವೇ ಹುಟ್ಟಿಸಿದವಳ ಬಗ್ಗೆ ತಮಗೇ ಸಾಕ್ಷಿ ಸಿಕ್ಕಿತು. ಹಾರ್ಟ್‌ಮುಟ್ ಕಾರ್ಡು ಬರೆದರು, ಆದರೆ ನಿಜ ಹೇಳಲಿಲ್ಲ. ಬರಹಗಾರನಿಗೆ ಅದು ಹಿತವಾಗಿತ್ತು ಎಂದು ತಲೆ ತಗ್ಗಿಸಿದರು. ಒಂದು ಡ್ರಾಯರು ಪೂರ್ತಿ ನೋರಾಳದೇ ಆಯಿತು.

ತಾಳೆ ನೋಡೋಣ ಎಂದೆ. ನನಗೆ ಗೊತ್ತಿರುವುದು ಅದೊಂದೇ. ಅವರು ರಿಜಿಸ್ಟರಿನ ನಕಲನ್ನು ಓದಿದರು: ಒಬ್ಬ ಹೆಂಗಸು, ಹೊಳೆ ದಾಟುವಲ್ಲಿ ಮುಳುಗಿ, ಹೆಸರು ತಿಳಿಯದು. ನಾನು ಆ ಕಲ್ಲಿನಲ್ಲಿ ನೋರಾಳ ಬಗ್ಗೆ ಆಗಲೇ ಕೆತ್ತಿದ್ದ ಐದು ಸಾಲಿನ ನಕಲಿನ ಮೇಲೆ ಬೆರಳಿಟ್ಟಿದ್ದೆ. ಬೆರಳಿಗೆ ಮುಂದೆ ಹೋಗಲು ಜಾಗವೇ ಸಿಗಲಿಲ್ಲ. ತಾಳೆಯಾಗುವುದಿಲ್ಲ, ನಾನಾದರೆ ಸಹಿ ಹಾಕುವುದಿಲ್ಲ ಎಂದೆ.

"ಹೇಳಿದರೆ ಬ್ರೀಡಾಗೆ ನೋವಾಗುತ್ತದೆ. ರೆನಾಟೆ ಹೋದಳು, ಡೆನಿಸ್ ಹೋದ. ಈ ಊರಿನಲ್ಲಿ ನನಗೆ ಉಳಿದಿರುವವಳು ಬ್ರೀಡಾ ಒಬ್ಬಳೇ. ಹೇಳದಿದ್ದರೆ, ನಾನು ಸತ್ತ ಮೇಲೆ ಯಾರಾದರೂ ಇದನ್ನು ಕಂಡುಹಿಡಿಯುತ್ತಾರೆ. ಆಮೇಲೆ ಉಳಿದ ಹತ್ತು ಡ್ರಾಯರುಗಳಲ್ಲಿರುವ ನಿಜವನ್ನು ಯಾರೂ ನಂಬುವುದಿಲ್ಲ."

ಹಾಗಿದ್ದರೆ ಹೇಳಿಬಿಡಿ ಎಂದೆ. ಬೇರೆಯವರ ಊರಿನಲ್ಲಿ ಧೈರ್ಯ ಹೇಳುವುದು ಸುಲಭ.

ಭಾನುವಾರ: ಸೇತುವೆ

ಶುಭಾ ಕಾರಿನಲ್ಲಿ ಕರೆದುಕೊಂಡು ಹೋದಳು. ಮಳೆ ಬರುತ್ತಿತ್ತು. ಅದು ಮಳೆಯೇ ಅಲ್ಲವೆಂಬಂತೆ ನಲವತ್ತು ಜನ ನಿಂತಿದ್ದರು. ಬ್ರೀಡಾ ಕಲ್ಲು ನಿಲ್ಲಿಸುವ ಸಮಿತಿಯ ಅಧ್ಯಕ್ಷೆ. ಎಂಬತ್ತನಾಲ್ಕು ವರ್ಷ, ತಲೆಗೆ ಪ್ಲಾಸ್ಟಿಕ್ ಟೋಪಿ. ನನ್ನ ಕೈ ಹಿಡಿದು ಬಾ ‘ಲವ್’ ಎಂದರು. ಅರವತ್ತೆರಡು ವರ್ಷದ ಅವಿವಾಹಿತೆಗೆ ಯಾರೋ ಮೊದಲ ಬಾರಿ ಹಾಗೆಂದದ್ದು. ಏನು ಹೇಳಬೇಕೆಂದು ತೋಚದೆ ಥ್ಯಾಂಕ್ಸ್ ಎಂದೆ.

ಹಾರ್ಟ್‌ಮುಟ್ ಮುಂದೆ ಬಂದು ರಿಜಿಸ್ಟರಿನ ಒಂದು ಸಾಲನ್ನು ಓದಿದರು. ನೋರಾ ಎಂಬ ಹೆಸರು ನನ್ನದು, ಲಾಂದ್ರವೂ ನನ್ನದು, ಇಷ್ಟು ವರ್ಷ ಹೇಳದೆ ಇದ್ದದ್ದಕ್ಕೆ ಕ್ಷಮೆ ಇರಲಿ ಎಂದರು. ಕಾಗದ ಒದ್ದೆಯಾಗುತ್ತಿತ್ತು. ಬ್ರೀಡಾ ಹತ್ತಿರ ಹೋಗಿ ತಮ್ಮ ಕೊಡೆಯನ್ನು ಅವರ ತಲೆಯ ಮೇಲೆ ಹಿಡಿದರು.

"ನಮಗೆ ಗೊತ್ತಿತ್ತು ಹಾರ್ಟ್‌ಮುಟ್. ಪುಸ್ತಕದ ಮೇಲೇ ಕಾದಂಬರಿ ಅಂತ ಬರ್ದಿತ್ತಲ್ಲ."

"ಹಾಗಾದರೆ ನಿನ್ನ ಅಜ್ಜಿಯ ಅಜ್ಜಿಯ ತಂಗಿ?"

"ನೀನು ನೋಟ್‌ಬುಕ್ ಹಿಡ್ಕೊಂಡು ಮಳೇಲಿ ಅಷ್ಟು ದೂರ ನಡ್ಕೊಂಡು ಬರ್ತಿದ್ದೆ. ಬರಿಗೈಲಿ ಹೆಂಗೆ ಕಳ್ಸೋದು?"

ಸುತ್ತ ನಿಂತವರು ಹೌದೆಂದು ತಲೆಯಾಡಿಸಿದರು. ಹಿಂದಿನಿಂದ ಒಬ್ಬರು, ತಮ್ಮ ತಂದೆ ಬುಧವಾರಕ್ಕೆಂದು ಏನಾದರೊಂದನ್ನು ಮಂಗಳವಾರವೇ ಯೋಚಿಸಿಟ್ಟುಕೊಳ್ಳುತ್ತಿದ್ದರು ಎಂದು ಬಹಳ ಪ್ರೀತಿಯಿಂದ ನೆನೆದರು. ಪರದೆ ಸರಿಯಿತು, ಚಪ್ಪಾಳೆ ಬಿತ್ತು, ಎಲ್ಲರೂ ಪಬ್ಬಿಗೆ ಹೋಗಿ ಸ್ಯಾಂಡ್‌ವಿಚ್ ತಿಂದರು. ಊರಿನವರ ಮಟ್ಟಿಗೆ ಒಳ್ಳೆಯ ಕಾರ್ಯಕ್ರಮ.

ಹಾರ್ಟ್‌ಮುಟ್ ಮೂಲೆಯಲ್ಲಿ ಕೂತಿದ್ದರು. ಮುಂದಿನ ಟೀ ಹಾಗೇ ಇತ್ತು. ನಾನು ಪಕ್ಕದಲ್ಲಿ ಕೂತಾಗ ಒಂದೇ ಮಾತು ಕೇಳಿದರು.

"ನೋರಾ ಇರುವುದು ಒಂದು ಡ್ರಾಯರಿನಲ್ಲಿ. ಉಳಿದ ಹತ್ತರಲ್ಲಿ ಏನಿದೆ, ವಿಶಾಲಾಕ್ಷಿ?"

ಗ್ರ್ಯಾಂಡ್ ಎಂಬ ಪದ ನಾಲಿಗೆಯ ತುದಿಗೆ ಬಂತು, ನುಂಗಿಕೊಂಡೆ. ತಂದೆ ಏನೂ ಹೇಳಲಿಲ್ಲವೆಂದು ಊರು ಬಿಟ್ಟು ಬಂದ ಮನುಷ್ಯ. ಇಲ್ಲಿ ಎಲ್ಲರೂ ಎಲ್ಲವನ್ನೂ ಹೇಳಿದರು, ಅದರಲ್ಲಿ ಯಾವುದು ನಿಜ ಯಾವುದು ಉಪಚಾರ ಎಂಬುದೇ ಈಗ ತಿಳಿಯದಾಯಿತು. ಹೇಳಿಬಿಡಿ ಎಂದವಳು ನಾನು.

ಕೊನೆಯ ವಾರ: ಬ್ರೀಡಾ ಅವರ ಅಡುಗೆಮನೆ

ಮಂಗಳವಾರ ಬೆಳಿಗ್ಗೆ ಓಟ್ಸಿನ ಗಂಜಿ ಬಂದು ಕೂತಾಗ, ಇದು ನನಗೆ ಸೇರುವುದಿಲ್ಲ ಎಂದು ಶುಭಾಳಿಗೆ ಹೇಳಿಬಿಟ್ಟೆ.

"ನಂಗೂ ಸೇರಲ್ಲ ದೊಡ್ಡಮ್ಮ," ಎಂದಳು ಶುಭಾ. "ನಿಮಗಿಷ್ಟ ಅಂತ ಮಾಡ್ತಿದ್ದೆ."

ಇಬ್ಬರೂ ಉಪ್ಪಿಟ್ಟು ತಿಂದೆವು. ಅದೇ ಹುಮ್ಮಸ್ಸಿನಲ್ಲಿ ಹಳ್ಳಿಯ ಬಸ್ಸು ಹತ್ತಿದೆ. ಹಾರ್ಟ್‌ಮುಟ್ ಬಾಗಿಲು ತೆರೆಯಲು ಬಹಳ ಹೊತ್ತು ಮಾಡಿದರು. ಗಡ್ಡ ಮಾಡಿರಲಿಲ್ಲ. ಒಲೆಯ ಪಕ್ಕ ಒಂದು ಡ್ರಾಯರು ಎಳೆದಿಟ್ಟುಕೊಂಡಿದ್ದರು. ಉರಿಸಲೆಂದೋ ಓದಲೆಂದೋ ನಾನು ಕೇಳಲಿಲ್ಲ. ಆ ಡ್ರಾಯರನ್ನು ಎತ್ತಿಕೊಳ್ಳಿ, ಬ್ರೀಡಾ ಮನೆಗೆ ಹೋಗೋಣ ಎಂದೆ.

ಬ್ರೀಡಾಗೆ ಪದ್ಧತಿಯನ್ನು ತಿಳಿಸಿದೆ. ನಾನು ಕಾರ್ಡು ಓದುತ್ತೇನೆ, ನೀವು ಸರಿಯೋ ತಪ್ಪೋ ಹೇಳಬೇಕು, ಹಾರ್ಟ್‌ಮುಟ್ ತಿದ್ದಿಕೊಳ್ಳುತ್ತಾರೆ. ಉಪಚಾರಕ್ಕೆ ಏನೂ ಹೇಳುವಂತಿಲ್ಲ. ಬ್ರೀಡಾ ಒಪ್ಪಿದರು. ಮೊದಲ ದಿನ ಓದಿದ ಕಾರ್ಡುಗಳೆಲ್ಲ ಸರಿ ಇದೆ ಎಂದರು, ನಡುವೆ ಮೂರು ಸಲ ಟೀ ಕೊಟ್ಟರು. ನಾನು ನಮ್ಮ ಶಿರಸ್ತೇದಾರರ ಹಾಗೆ ಮರುದಿನ ಅದೇ ಡ್ರಾಯರನ್ನು ಮತ್ತೆ ಮೊದಲಿನಿಂದ ಓದಿದೆ. ಎಂಟನೆಯ ಕಾರ್ಡಿಗೆ ಬ್ರೀಡಾ ಕೆಟಲ್ ಕೆಳಗಿಟ್ಟು, ಇದು ಸುಳ್ಳು, ಡೆನಿಸ್ ನಿಂತ ನಿಲುವಿನಲ್ಲೇ ಕಟ್ಟಿದ್ದು ಎಂದರು. ಹೇಳಿ ತಾವೇ ಗಾಬರಿಯಾದರು. ಹಾರ್ಟ್‌ಮುಟ್ ಅಡ್ಡಗೆರೆ ಎಳೆದರು.

ಅಲ್ಲಿಂದ ಮುಂದೆ ಬ್ರೀಡಾಗೆ ರುಚಿ ಹತ್ತಿತು. ಹತ್ತು ಓದಿದರೆ ನಾಲ್ಕು ಉಳಿಯುತ್ತಿದ್ದವು. ಬಿಷಪ್ಪರ ಕಾರ್ಡು ಬಂದಾಗ, ಬಿದ್ದದ್ದು ನಿಜ, ಹೊಳೆಗಲ್ಲ, ಪಬ್ಬಿನ ಮೆಟ್ಟಿಲಿಂದ, ಕುದುರೆ ಮನೆಯಲ್ಲೇ ಇತ್ತು ಎಂದು ತಿದ್ದಿಸಿದರು. ಗೊತ್ತಿಲ್ಲ ಎಂಬ ಮಾತನ್ನು ಹಾರ್ಟ್‌ಮುಟ್ ಈ ಊರಿನಲ್ಲಿ ಕೇಳಿದ್ದು ಆ ವಾರವೇ ಮೊದಲು. ವಿಚಿತ್ರವೆಂದರೆ, ಕಾರ್ಡುಗಳು ಕಮ್ಮಿಯಾದಷ್ಟೂ ಅವರ ಮುಖಕ್ಕೆ ಬಣ್ಣ ಬಂತು. ಗುರುವಾರ ಗಡ್ಡ ಮಾಡಿಕೊಂಡು ಬಂದರು. ಸೇತುವೆಯ ಕಲ್ಲಿನ ವಿಚಾರವನ್ನೂ ಬ್ರೀಡಾ ಇದರ ನಡುವೆಯೇ ತೀರ್ಮಾನಿಸಿದರು. ಕೆತ್ತಿದ್ದನ್ನು ಒರೆಸಲಾಗದು, ಆದರೆ ಕೆಳಗೆ ‘ಹೆಸರು ತಿಳಿಯದು, ನಾವು ನೋರಾ ಎನ್ನುತ್ತೇವೆ’ ಎಂದು ಒಂದು ಸಾಲು ಸೇರಿಸುವುದು ಎಂದಾಯಿತು.

ನಾನು ಹೊರಡುವ ಮುನ್ನಾದಿನ ಎರಡನೆಯ ಡ್ರಾಯರಿನ ಕೊನೆಗೆ ಬಂದಿದ್ದೆವು. ಹಿಂದಿನ ಹಲಗೆಗೆ ಒತ್ತಿಕೊಂಡು, ನಂಬರಿಲ್ಲದ ಒಂದು ಕಾರ್ಡಿತ್ತು. ಓದುವ ಯಂತ್ರವಾಗಿದ್ದ ನಾನು ಅದನ್ನೂ ಓದಿದೆ. ಹೇಳಿದವರು ಡೆನಿಸ್. ಸೇತುವೆಯ ಮೇಲೆ. ರೆನಾಟೆಯನ್ನು ಮಣ್ಣು ಮಾಡಿದ ದಿನ. ‘ಇನ್ನು ನೀನು ಎಲ್ಲಿಂದಲೋ ಬಂದವನಲ್ಲ, ಈ ಊರಿನವನು.’

ಹಾರ್ಟ್‌ಮುಟ್ ಕೈ ಚಾಚಿ, ಇದು ಬೇಡ ಎಂದರು. ತಡವಾಗಿತ್ತು. ಡೆನಿಸ್ ಇಲ್ಲ, ಆ ಮಾತಿಗೆ ಬೇರೆ ಸಾಕ್ಷಿಯಿಲ್ಲ, ಆ ದಿನದ ದುಃಖದಲ್ಲಿ ಕೇಳಿಸಿಕೊಂಡದ್ದರ ಮೇಲೆ ಹಾರ್ಟ್‌ಮುಟ್‌ಗೇ ನೆಚ್ಚಿಕೆ ಇದ್ದಂತಿರಲಿಲ್ಲ. ಬ್ರೀಡಾ ಎಲ್ಲಿ ಸರಿ ಇದೆ ಎಂದುಬಿಡುತ್ತಾರೋ ಎಂದು ನನಗೆ ಭಯವಾಯಿತು. ಹಾಗೆಂದರೆ ಅದು ನಿಜವೋ ಉಪಚಾರವೋ ಆ ಮನುಷ್ಯನ ಆಯಸ್ಸು ಮುಗಿದರೂ ತಿಳಿಯುವುದಿಲ್ಲ. ಕಾರ್ಡು ಓದಿದ್ದಕ್ಕೆ ನನ್ನನ್ನೇ ಬೈದುಕೊಂಡೆ. ಬ್ರೀಡಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ತಪ್ಪು," ಎಂದರು.

ಹಾರ್ಟ್‌ಮುಟ್ ಪೆನ್ಸಿಲ್ ತೆಗೆದುಕೊಂಡರು. ಅಡ್ಡಗೆರೆ ಎಳೆಯಲು ಕಾರ್ಡನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು.

"ಸೇತುವೆ ಮೇಲೆ ಅಲ್ಲ, ನಮ್ಮ ಗೇಟ್ ಹತ್ರ. ಡೆನಿಸ್‌ಗೆ ಆವಾಗ ಮಂಡಿ ನೋವು, ಸೇತುವೆ ತನಕ ಎಲ್ಲಿ ನಡೀತಿದ್ದ? ನಾನು ಇದೇ ಬಾಗಿಲಲ್ಲಿ ನಿಂತು ಕೇಳಿಸ್ಕೊಂಡೆ. ತಿದ್ಕೋ."

ಹಾರ್ಟ್‌ಮುಟ್ ಸೇತುವೆ ಎಂಬುದನ್ನು ಹೊಡೆದು ಗೇಟು ಎಂದು ಬರೆದರು. ಮೊದಲ ಸಲ ಅಕ್ಷರ ಕೆಟ್ಟಿತು, ಇನ್ನೊಮ್ಮೆ ಬರೆದರು. ಆಮೇಲೆ ಕಾರ್ಡನ್ನು ನನ್ನ ಮುಂದೆ ತಳ್ಳಿದರು. ನಾನು ಕೆಳಗೆ ಕನ್ನಡದಲ್ಲಿ ‘ತಾಳೆ ನೋಡಿದೆ’ ಎಂದು ಬರೆದು ಸಹಿ ಹಾಕಿದೆ.